ತೆಪ್ಪದ ನಕಲು ಎಲ್ಲಿ ಕೆಟ್ಟಿತು? ಎಣ್ಣೆಬಣ್ಣದ ದೋಷ ಹುಡುಕುವ ಬಗೆ

ಹೋದ ತಿಂಗಳು, ಆಷಾಢದ ಜಿಟಿಜಿಟಿ ಮಳೆಯಲ್ಲಿ, ಚಿತ್ರದುರ್ಗದಿಂದ ಒಬ್ಬ ಹುಡುಗಿ ದಾವಣಗೆರೆಯ ನಮ್ಮ ಮನೆಗೆ ಬಂದಳು. ಹಳೇ ದುಪ್ಪಟಿಯಲ್ಲಿ ಸುತ್ತಿದ ಕ್ಯಾನ್ವಾಸು, ಅದರ ಮೇಲೊಂದು ಪ್ಲಾಸ್ಟಿಕ್ ಹಾಳೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮೊಣಕಾಲ ಸಂದಿಯಲ್ಲಿ ನಿಲ್ಲಿಸಿಕೊಂಡು ಬಂದಿದ್ದಳು. ಬಿಚ್ಚಿದರೆ ಫ್ರೆಂಚ್ ಕಲಾವಿದ ಜೆರಿಕೋನ ‘ಮೆಡೂಸಾದ ತೆಪ್ಪ’ದ ನಕಲು. ಮೆಡೂಸಾ ಅನ್ನುವ ಹಡಗು ಕೆಟ್ಟಾಗ ತೆಪ್ಪ ಹತ್ತಿದ ಜನರ ಚಿತ್ರ ಅದು.

"ಅಣ್ಣಾ, ನಾಲ್ಕು ತಿಂಗಳಿಂದ ಇದರ ಮುಂದೆನೇ ಕೂತಿದೀನಿ. ಏನೋ ಕೆಟ್ಟಿದೆ. ಎಲ್ಲಿ ಅಂತ ಗೊತ್ತಾಗ್ತಿಲ್ಲ."

ನನಗೆ ತಕ್ಷಣ ಅರ್ಥವಾಯಿತು. ಯಾಕಂದ್ರೆ ಎರಡು ವರ್ಷದ ಹಿಂದೆ ನಾನೂ ಇದೇ ಚಿತ್ರವನ್ನು ನಕಲು ಮಾಡಿದ್ದೆ, ಇದೇ ಜಾಗಗಳಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ಒಂದೆರಡು ಮುಖ, ಒಂದು ಹೂದಾನಿ ಬರೆದು ಅಭ್ಯಾಸವಾದವರು ಇಷ್ಟು ಜನರಿರುವ ಚಿತ್ರಕ್ಕೆ ಕೈ ಹಾಕಿದಾಗ ತೊಂದರೆಗಳು ಒಂದರ ಮೇಲೊಂದು ಬರುತ್ತವೆ. ಯಾವುದು ಯಾವುದರಿಂದ ಬಂತು ಅಂತ ಬಿಡಿಸುವುದೇ ಕಷ್ಟ. ಅವಳ ಕ್ಯಾನ್ವಾಸನ್ನು ಮುಂದಿಟ್ಟುಕೊಂಡು ಇಬ್ಬರೂ ಹೇಗೆ ಹುಡುಕಿದೆವು ಅನ್ನುವುದನ್ನು ಬರೆಯುತ್ತೇನೆ. ನಿಮ್ಮದೂ ಕೆಟ್ಟಿದ್ದರೆ ಇದೇ ದಾರಿಯಲ್ಲಿ ನೋಡಿ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಎಣ್ಣೆಬಣ್ಣದಲ್ಲಿ ತಪ್ಪು ಕಾಣುವುದು ಮೇಲಿನ ಪದರದಲ್ಲಿ, ಹುಟ್ಟುವುದು ಅದರ ಕೆಳಗಿನ ಪದರದಲ್ಲಿ. ಹಾಗಾಗಿ ತಪ್ಪು ಕಂಡ ಕೂಡಲೇ ಅದರ ಮೇಲೆ ಬಣ್ಣ ಬಳಿಯಬೇಡಿ.

ಮೊದಲು ಬೆನ್ನು ನೋಡಿ

ನನಗೆ ಬಣ್ಣ ಕಲಿಸಿದ ಮೇಷ್ಟ್ರು ಕಂಪನಿ ನಾಟಕಗಳಿಗೆ ಪರದೆ ಬರೆದವರು. ಯಾರೇ ಚಿತ್ರ ತಂದರೂ ಮೊದಲು ಅದನ್ನು ತಿರುಗಿಸಿ ಬೆನ್ನು ನೋಡುತ್ತಿದ್ದರು. ನಾನೂ ಹಾಗೇ ಮಾಡಿದೆ. ಹುಡುಗಿಯ ಕ್ಯಾನ್ವಾಸಿನ ಬೆನ್ನಲ್ಲಿ, ಎಡಗಡೆ ಕೆಳಗೆ, ಬೋಂಡಾ ಇಟ್ಟ ಪೇಪರಿನ ಹಾಗೆ ಹಳದಿ ಕಲೆಗಳಿದ್ದವು. ಬೆರಳಿಟ್ಟರೆ ಜಿಡ್ಡು.

ಅದು ಮುಂದಿನಿಂದ ಎಣ್ಣೆ ಸೋರಿ ಬಂದ ಗುರುತು. ರೆಡಿಮೇಡ್ ಕ್ಯಾನ್ವಾಸಿಗೆ ಗೆಸ್ಸೊ, ಅಂದರೆ ಬಣ್ಣಕ್ಕೂ ಮುಂಚೆ ಬಟ್ಟೆಗೆ ಬಳಿಯುವ ಬಿಳಿ ಲೇಪ, ಹಚ್ಚಿರುತ್ತಾರೆ, ನಿಜ. ಆದರೆ ಅಗ್ಗದ್ದರಲ್ಲಿ ಒಂದೇ ಕೈ ತೆಳ್ಳಗೆ ಹಚ್ಚಿರುತ್ತಾರೆ. ಬೆಳಕಿಗೆ ಹಿಡಿದರೆ ನೂಲಿನ ಸಂದಿಗಳಲ್ಲಿ ಸೂಜಿಮೊನೆಯಷ್ಟು ತೂತುಗಳು ಮಿನುಗುತ್ತವೆ. ಎಣ್ಣೆ ಅಲ್ಲಿಂದ ಬಟ್ಟೆಗೆ ಇಳಿಯುತ್ತದೆ, ಹತ್ತಿ ಬಟ್ಟೆ ಕಾಲಕ್ರಮೇಣ ಹೊಟ್ಟಾಗುತ್ತದೆ. ಶುರುವಾದ ಚಿತ್ರಕ್ಕೆ ಇದರ ಪರಿಹಾರವಿಲ್ಲ. ಮುಂದಿನ ಕ್ಯಾನ್ವಾಸಿಗೆ ಇನ್ನೂ ಎರಡು ಕೈ ಗೆಸ್ಸೊ ಹಚ್ಚಿ, ಪ್ರತಿ ಸಲ ಒಣಗಿದ ಮೇಲೆ ನಯವಾದ ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿ. ಬೆನ್ನು ನೋಡುವಾಗಲೇ ಮೂಲೆಗಳ ಮರದ ಬೆಣೆಗಳನ್ನೂ ನೋಡಿ. ಮಳೆಗಾಲದಲ್ಲಿ ಬಟ್ಟೆ ಸಡಿಲಾಗಿದ್ದರೆ ಬೆಣೆಗಳನ್ನು ಒಂದೊಂದೇ ಏಟು ಮೆಲ್ಲಗೆ ತಟ್ಟಿ ಬಿಗಿ ಮಾಡಬಹುದು.

ಒಣಗುತ್ತಲೇ ಇಲ್ಲ

ಎಡ ಕೆಳಗಿನ ಕತ್ತಲೆಯ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿದೆ. ಆರು ವಾರದ ಹಿಂದೆ ಬಳಿದದ್ದು ಅಂದಳು. ನನ್ನ ಬೆರಳಿನ ಗೆರೆಗಳು ಅದರ ಮೇಲೆ ಅಚ್ಚಾದವು.

ಎಣ್ಣೆಬಣ್ಣ ನೀರಿನ ಹಾಗೆ ಆವಿಯಾಗಿ ಒಣಗುವುದಿಲ್ಲ. ಗಾಳಿಯಲ್ಲಿರುವ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿಯಾಗುತ್ತದೆ. ಇದೊಂದು ತಿಳಿದರೆ ಅರ್ಧ ಗೊಂದಲ ಹೋಗುತ್ತದೆ. ಗಾಳಿ ಬೇಕು, ಬೆಳಕು ಬೇಕು, ಮತ್ತು ಆ ಎಣ್ಣೆಗೆ ಗಟ್ಟಿಯಾಗುವ ಗುಣ ಇರಬೇಕು. ಅಗಸೆ ಎಣ್ಣೆಗೆ ಆ ಗುಣ ಚೆನ್ನಾಗಿದೆ. ಕುಸುಬೆ ಎಣ್ಣೆಗೂ ಇದೆ, ಆದರೆ ನಿಧಾನ. ಶೇಂಗಾ ಎಣ್ಣೆಗೆ ಇಲ್ಲವೇ ಇಲ್ಲ.

"ಯಾವ ಎಣ್ಣೆ ಹಾಕಿದೆ ತಂಗೀ?"

"ಮನೇಲಿದ್ದ ಕುಸುಬೆ ಎಣ್ಣೆ ಅಣ್ಣಾ. ಬಿಳಿ ಬಣ್ಣಕ್ಕೆ ಕುಸುಬೆ ಎಣ್ಣೆ ಹಾಕ್ತಾರೆ, ಹಳದಿ ಆಗಲ್ಲ ಅಂತ ಓದಿದ್ದೆ."

ಓದಿದ್ದು ಸರಿಯೇ. ಅಗಸೆ ಎಣ್ಣೆಗಿಂತ ಕುಸುಬೆ ಎಣ್ಣೆ ಕಡಿಮೆ ಹಳದಿಯಾಗುತ್ತದೆ, ಅದಕ್ಕೇ ಕೆಲವು ಬಿಳಿ ಟ್ಯೂಬುಗಳಲ್ಲಿ ಅದನ್ನು ಬಳಸುತ್ತಾರೆ. ಆದರೆ ಅಡುಗೆಗೆ ಬರುವ ಎಣ್ಣೆಯ ಉದ್ದೇಶವೇ ಬೇರೆ. ಅದು ಬೇಗ ಕೆಡದೆ ಉಳಿಯಲಿ ಅಂತ ಮಾಡಿರುತ್ತಾರೆ, ನಮಗೆ ಬೇಕಿರುವುದು ಬೇಗ ಗಟ್ಟಿಯಾಗುವ ಎಣ್ಣೆ. ಗಾಣದ ಅಗಸೆ ಎಣ್ಣೆಯೂ ಅಷ್ಟೆ. ಚಟ್ನಿಪುಡಿ ಜೊತೆ ರೊಟ್ಟಿಗೆ ಹಾಕಿಕೊಂಡರೆ ಸೊಗಸು. ಆದರೆ ಅದರಲ್ಲಿ ಬೀಜದ ಲೋಳೆ ಉಳಿದಿರುತ್ತದೆ, ಚಿತ್ರಕ್ಕೆ ಶುದ್ಧ ಮಾಡಿದ ಎಣ್ಣೆಯೇ ಬೇಕು.

ಅನುಮಾನ ಇದ್ದರೆ ಒಂದು ಪರೀಕ್ಷೆ ಮಾಡಿ. ಕಿಟಕಿ ಗಾಜಿನ ತುಂಡೊಂದರ ಮೇಲೆ ಮೂರು ಎಣ್ಣೆಯ ತೊಟ್ಟುಗಳನ್ನು ಇಟ್ಟು, ಬೆರಳಿನಿಂದ ತೆಳ್ಳಗೆ ಸವರಿ, ಪಕ್ಕದಲ್ಲಿ ತಾರೀಖು ಬರೆದು, ಧೂಳು ಬೀಳದ ಬೆಳಕಿನ ಜಾಗದಲ್ಲಿ ಬಿಡಿ. ನಾನು ಮಾಡಿದಾಗ ಚಿತ್ರದ ಅಗಸೆ ಎಣ್ಣೆ ಒಂದು ವಾರದೊಳಗೆ ಉಗುರಿಗೆ ಸಿಗುವ ಪೊರೆಯಾಯಿತು. ಕುಸುಬೆ ಎಣ್ಣೆ ಆಗ ಇನ್ನೂ ಅಂಟಂಟಾಗಿತ್ತು. ಶೇಂಗಾ ಎಣ್ಣೆ ತಿಂಗಳಾದ ಮೇಲೂ ಬಟ್ಟೆಯಲ್ಲಿ ಒರೆಸಿದರೆ ಹಾಗೇ ಬಂತು.

ಎಣ್ಣೆ ಸರಿ ಇದ್ದೂ ಒಣಗದಿದ್ದರೆ ಬಣ್ಣವನ್ನು ಅನುಮಾನಿಸಿ. ಐವರಿ ಬ್ಲ್ಯಾಕ್ ಅನ್ನುವ ಕಪ್ಪು ಮತ್ತು ಅಲಿಝರಿನ್ ಕ್ರಿಮ್ಸನ್ ಅನ್ನುವ ಕಡುಗೆಂಪು ತುಂಬಾ ನಿಧಾನ. ಬರ್ಂಟ್ ಅಂಬರ್ ಅನ್ನುವ ಕಡುಕಂದು ತುಂಬಾ ಬೇಗ, ಅದರ ಮಣ್ಣಿನಲ್ಲಿ ಮ್ಯಾಂಗನೀಸ್ ಇದೆ, ಅದು ಒಣಗುವುದನ್ನು ಚುರುಕು ಮಾಡುತ್ತದೆ. ಈ ಚಿತ್ರದಲ್ಲಿ ಕತ್ತಲೆ ಜಾಸ್ತಿ, ಹಾಗಾಗಿ ಕಪ್ಪು ಟ್ಯೂಬಿಗೆ ಕೈ ಹೋಗುವುದು ಸಹಜ. ಹೋಗಬೇಡಿ. ಬರ್ಂಟ್ ಅಂಬರಿಗೆ ಪ್ರಶ್ಯನ್ ಬ್ಲೂ ಅಥವಾ ಅಲ್ಟ್ರಾಮರೀನ್ ನೀಲಿ ಸೇರಿಸಿ ನೋಡಿ. ಐವರಿ ಬ್ಲ್ಯಾಕಿಗಿಂತ ಬೇಗ ಒಣಗುತ್ತದೆ, ಕತ್ತಲೆಯೂ ಜೀವಂತವಾಗಿ ಕಾಣುತ್ತದೆ.

ಕತ್ತಲೆ ಬಿರಿದಿದೆ

ಅದೇ ಮೂಲೆಯ ಪಕ್ಕದಲ್ಲಿ ಬೇಸಿಗೆಯ ಕೆರೆ ಅಂಗಳದ ಹಾಗೆ ಬಿರುಕುಗಳಿದ್ದವು. ಇಲ್ಲಿ ಎರಡು ಬೇರೆ ಬೇರೆ ಕಾಯಿಲೆಗಳಿವೆ, ಬೆರೆಸಬೇಡಿ. ಬಿಸಿ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿದ್ದರೆ ಬಣ್ಣ ದಪ್ಪವಾಗಿದೆ, ಎಣ್ಣೆ ಜಾಸ್ತಿಯಾಗಿದೆ ಅಂತ ಅರ್ಥ. ಕೆರೆ ಅಂಗಳದ ಹಾಗೆ ಬಿರಿದಿದ್ದರೆ ಪದರಗಳ ಸರದಿ ತಪ್ಪಿದೆ. ನಿಧಾನವಾಗಿ ಒಣಗುವುದರ ಮೇಲೆ ಬೇಗ ಒಣಗುವುದನ್ನು ಬಳಿದಿದ್ದೀರಿ. ಕೆಳಗಿನದು ಇನ್ನೂ ಅಲುಗಾಡುತ್ತಿರುವಾಗ ಮೇಲಿನದು ಗಟ್ಟಿಯಾಗಿ ಸೀಳಿಬಿಡುತ್ತದೆ. ಹುಡುಗಿ ಮಾಡಿದ್ದು ಅದೇ: ಕೆಳಗೆ ಕುಸುಬೆ ಎಣ್ಣೆ ಬೆರೆಸಿದ ಐವರಿ ಬ್ಲ್ಯಾಕ್, ಅದರ ಮೇಲೆ ಟರ್ಪೆಂಟೈನಿನಲ್ಲಿ ತೆಳು ಮಾಡಿದ ಬರ್ಂಟ್ ಅಂಬರ್.

ಸರದಿ ಉಲ್ಟಾ ಇರಬೇಕು. ಮೊದಲ ಪದರ ಟರ್ಪೆಂಟೈನ್ ಹಾಕಿದ ತೆಳು ಬಣ್ಣ. ನಡುವಿನದು ಟ್ಯೂಬಿನಿಂದ ಬಂದ ಹಾಗೇ. ಕೊನೆಯದಕ್ಕೆ ಮಾತ್ರ ಸ್ವಲ್ಪ ಎಣ್ಣೆ, ಅದೂ ಒಟ್ಟು ಬಣ್ಣದ ಐದರಲ್ಲಿ ಒಂದು ಪಾಲು ಮೀರದಂತೆ. ಮೇಲಕ್ಕೆ ಹೋದಂತೆಲ್ಲ ಎಣ್ಣೆ ಏರಬೇಕು, ಇಳಿಯಬಾರದು.

ಈ ಚಿತ್ರವನ್ನು ನಕಲು ಮಾಡುವವರಿಗೆ ಇಲ್ಲಿ ಒಂದು ದೊಡ್ಡ ಪಾಠ ಮೂಲದಲ್ಲೇ ಇದೆ. ಜೆರಿಕೋ ಕತ್ತಲೆಗಳಿಗೆ ಬಿಟ್ಯುಮೆನ್ ಬಳಸಿದ. ನಮ್ಮ ರಸ್ತೆಯ ಡಾಂಬರಿನ ಜಾತಿಯದೇ ಅದು. ಹಚ್ಚಿದ ದಿನ ಮಖಮಲ್ಲಿನ ಹಾಗೆ ಆಳವಾಗಿ ಹೊಳೆಯುತ್ತದೆ. ಆದರೆ ಪೂರ್ತಿ ಒಣಗುವುದಿಲ್ಲ. ಏಪ್ರಿಲ್ ಬಿಸಿಲಲ್ಲಿ ನಮ್ಮೂರ ರಸ್ತೆ ಚಪ್ಪಲಿಗೆ ಅಂಟಿಕೊಳ್ಳುವುದನ್ನು ನೋಡಿದ್ದೀರಲ್ಲ, ಅದನ್ನು ಒಂದು ಚಿತ್ರದ ಒಳಗೆ ಇಟ್ಟ ಹಾಗೆ. ವರ್ಷಗಳು ಹೋದಂತೆ ಅದು ಕಪ್ಪಾಯಿತು, ಮುದುರಿತು, ಮೇಲಿನ ಬಣ್ಣವನ್ನೂ ಎಳೆದುಕೊಂಡಿತು. ಮೂಲ ಚಿತ್ರ ಹಾಳಾಗುತ್ತಿದೆ ಅಂತಲೇ 1859-60ರಲ್ಲಿ ಇಬ್ಬರು ಕಲಾವಿದರು ಅದೇ ಅಳತೆಯ ಒಂದು ನಕಲನ್ನು ಬರೆದರು, ಅದು ಈಗ ಫ್ರಾನ್ಸಿನ ಆಮಿಯೆನ್ಸ್ ಊರಿನ ಮ್ಯೂಸಿಯಮ್ಮಿನಲ್ಲಿದೆ. ನಕಲು ಮಾಡುವುದು ಕೀಳು ಕೆಲಸ ಅಂತ ಯಾರಾದರೂ ಅಂದರೆ ನನಗೆ ಆ ಇಬ್ಬರೇ ನೆನಪಾಗುತ್ತಾರೆ. ಹಾಗಾಗಿ ಮೂಲದ ಬಣ್ಣದ ಪಟ್ಟಿ ಹಿಡಿದು ಬಿಟ್ಯುಮೆನ್ ಹುಡುಕಲು ಹೋಗಬೇಡಿ. ಹಳೇ ವ್ಯಾನ್‌ಡೈಕ್ ಬ್ರೌನ್ ಟ್ಯೂಬು ಸಿಕ್ಕರೂ ದೂರ ಇಡಿ, ಆ ಕಂದು ಬಣ್ಣದಲ್ಲೂ ಇಂಥದೇ ಅಂಶ ಇರುತ್ತದೆ.

ಈಗಾಗಲೇ ಬಿರಿದಿದ್ದರೆ? ಬಿರುಕಿನ ಒಳಗೆ ಸೂಜಿ ಚುಚ್ಚಿ ನೋಡಿ. ಕೆಳಗೆ ಮೆತ್ತಗಿದ್ದರೆ ಬಣ್ಣ ಬೆರೆಸುವ ಚಾಕು, ಪ್ಯಾಲೆಟ್ ನೈಫಿನಿಂದ ಆ ಜಾಗವನ್ನು ಪೂರ್ತಿ ಕೆರೆದು ತೆಗೆಯಿರಿ. ಮನಸ್ಸಿಗೆ ನೋವಾಗುತ್ತದೆ, ಗೊತ್ತು. ಆದರೆ ಮೆತ್ತಗಿರುವುದರ ಮೇಲೆ ಏನೇ ಬಳಿದರೂ ಅದೂ ಬಿರಿಯುತ್ತದೆ. ಬೇಗ ಮುಚ್ಚಿಬಿಡೋಣ ಅಂತ ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣ ಹಚ್ಚುವವರಿದ್ದಾರೆ. ಅಕ್ರಿಲಿಕ್ಕಿನ ಮೇಲೆ ಎಣ್ಣೆಬಣ್ಣ ನಡೆಯುತ್ತದೆ, ಎಣ್ಣೆಬಣ್ಣದ ಮೇಲೆ ಅಕ್ರಿಲಿಕ್ ನಡೆಯುವುದೇ ಇಲ್ಲ.

ನಿನ್ನೆ ಹೊಳೆಯುತ್ತಿತ್ತು, ಇವತ್ತು ಸತ್ತಿದೆ

ಒದ್ದೆಯಿದ್ದಾಗ ಚೆನ್ನಾಗಿದ್ದ ಬಣ್ಣ ಒಣಗಿದ ಮೇಲೆ ಬೂದಿ ಬಳಿದ ಹಾಗೆ ಮಂಕಾಗಿದ್ದರೆ, ಒಂದು ಹನಿ ಎಣ್ಣೆಯನ್ನು ಬೆರಳಿನಿಂದ ಆ ಜಾಗಕ್ಕೆ ಸವರಿ. ಬಣ್ಣ ಮತ್ತೆ ಆಳವಾದರೆ ನಿಮ್ಮ ಬಣ್ಣ ಸರಿಯೇ ಇದೆ, ಕೆಳಗಿನ ಪದರ ಎಣ್ಣೆಯನ್ನು ಕುಡಿದಿದೆ ಅಷ್ಟೆ. ಅರ್ಧ ಎಣ್ಣೆ, ಅರ್ಧ ಟರ್ಪೆಂಟೈನ್ ಬೆರೆಸಿ, ಪೂರ್ತಿ ಒಣಗಿದ ಜಾಗಕ್ಕೆ ತೆಳ್ಳಗೆ ಸವರಿ, ಹತ್ತು ನಿಮಿಷ ಬಿಟ್ಟು, ಹತ್ತಿ ಬಟ್ಟೆಯಿಂದ ಆದಷ್ಟೂ ಒರೆಸಿ ತೆಗೆಯಿರಿ. ಸವರಿದ ಮೇಲೂ ಮಂಕಾಗೇ ಇದ್ದರೆ ಬಣ್ಣವನ್ನೇ ತಪ್ಪು ಬೆರೆಸಿದ್ದೀರಿ.

ಮೈಬಣ್ಣ ಕೆಸರಾಗಿದ್ದರೂ ಇಂಥದೇ ಒಂದು ಪರೀಕ್ಷೆ ಇದೆ. ಅದೇ ಬಣ್ಣವನ್ನು ಶುದ್ಧ ನೈಫಿನಿಂದ ಪ್ಯಾಲೆಟ್ಟಿನಲ್ಲಿ ಮತ್ತೆ ಬೆರೆಸಿ. ಪ್ಯಾಲೆಟ್ಟಿನಲ್ಲಿ ಚೆನ್ನಾಗಿದ್ದು ಕ್ಯಾನ್ವಾಸಿನಲ್ಲಿ ಕೆಸರಾದರೆ ಕೆಳಗಿನ ಹಸಿ ಬಣ್ಣ ಬ್ರಶ್ಶಿಗೆ ಹತ್ತುತ್ತಿದೆ. ಎರಡು ದಿನ ಕಾಯಿರಿ. ಪ್ಯಾಲೆಟ್ಟಿನಲ್ಲೇ ಕೆಸರಾದರೆ ನಾಲ್ಕೈದು ಟ್ಯೂಬು ಬೆರೆಸಿದ್ದೀರಿ, ಕಡಿಮೆ ಮಾಡಿ. ಈ ಚಿತ್ರದ ಮೈಗಳಿಗೆ ಯೆಲ್ಲೋ ಓಕರ್ (ಮಣ್ಣಿನ ಹಳದಿ), ಬರ್ಂಟ್ ಸಿಯೆನ್ನಾ (ಕೆಂಗಂದು), ಬಿಳಿ, ಚೂರು ಐವರಿ ಬ್ಲ್ಯಾಕ್ ಇದ್ದರೆ ಬಹುಪಾಲು ಕೆಲಸ ಆಗುತ್ತದೆ. ಹೆಣಗಳ ಹಸಿರುಗಟ್ಟಿದ ಬಿಳಿಚು ಬಣ್ಣಕ್ಕೆ ಹಸಿರು ಟ್ಯೂಬು ಬೇಡ. ಓಕರಿಗೆ ಕಪ್ಪು ತಾಕಿಸಿದರೆ ತಾನಾಗಿ ಹಸಿರು ಛಾಯೆ ಬರುತ್ತದೆ, ಆಮೇಲೆ ಬಿಳಿ. ಹೀಗೆ ಚೂರು ಕಪ್ಪು ಹಾಕಿದರೆ ಒಣಗುವುದಕ್ಕೆ ತೊಂದರೆಯಿಲ್ಲ. ಜೆರಿಕೋ ಇದೇ ಬಣ್ಣವನ್ನು ತಿಳಿಯಲು ಪ್ಯಾರಿಸ್ಸಿನ ಆಸ್ಪತ್ರೆಯ ಶವಾಗಾರಕ್ಕೆ ಹೋಗಿ ಕೂತಿದ್ದ.

ಜನ ಅಂಟಿಸಿದ ಹಾಗೆ ಕಾಣುತ್ತಾರೆ

ಹುಡುಗಿಗೆ ಜಾಸ್ತಿ ನೋವು ಕೊಟ್ಟದ್ದು ಇದು. "ಒಬ್ಬೊಬ್ಬರನ್ನೇ ನೋಡಿದ್ರೆ ಚೆನ್ನಾಗಿದಾರೆ. ಎಲ್ಲರನ್ನೂ ಒಟ್ಟಿಗೆ ನೋಡಿದ್ರೆ ಕತ್ತರಿಸಿ ಅಂಟಿಸಿದಂಗೆ ಅದಾರೆ."

ಕ್ಯಾನ್ವಾಸನ್ನು ಗೋಡೆಗೆ ಒರಗಿಸಿ, ಹತ್ತು ಹೆಜ್ಜೆ ಹಿಂದೆ ಬಂದು, ಕಣ್ಣು ಅರ್ಧ ಮುಚ್ಚಿ ನೋಡಿದೆವು. ಆಮೇಲೆ ಫೋನಿನಲ್ಲಿ ಅವಳ ಚಿತ್ರದ ಫೋಟೊ ತೆಗೆದು ಕಪ್ಪುಬಿಳುಪು ಮಾಡಿ, ಮೂಲದ್ದನ್ನೂ ಹಾಗೇ ಮಾಡಿ ಪಕ್ಕಪಕ್ಕ ಇಟ್ಟೆವು. ಅವಳು ಒಂದು ನಿಮಿಷ ಸುಮ್ಮನಿದ್ದಳು. ಆಮೇಲೆ ತಾನೇ ಹೇಳಿದಳು: "ನಂದರಲ್ಲಿ ಎಲ್ಲರಿಗೂ ಒಂದೇ ಬೆಳಕು."

ಅದೇ ದೋಷ. ಮೂಲದಲ್ಲಿ ಕೆಳಗಡೆ ಬಿದ್ದಿರುವ ಹೆಣಗಳು ಬಿಳಿಚಿವೆ, ಅವುಗಳ ಹಿಂದೆ ತೆಪ್ಪದ ಕತ್ತಲೆ. ಅಲ್ಲಿಂದ ಮೈಗಳ ಸಾಲು ಬಲಕ್ಕೆ ಏರುತ್ತ ಹೋಗುತ್ತದೆ. ತುದಿಯಲ್ಲಿ ದೂರದ ಹಡಗಿಗೆ ಬಟ್ಟೆ ಬೀಸುತ್ತ ನಿಂತವನ ಬೆನ್ನು ನಮ್ಮ ಕಡೆಗಿದೆ. ಅವನು ಕಪ್ಪಗೆ ಕಾಣುತ್ತಾನೆ, ಅವನ ಹಿಂದೆ ಆಕಾಶದ ಬೆಳಕು. ಅಂದರೆ ಕೆಳಗೆ ಕತ್ತಲೆಯ ಮೇಲೆ ಬೆಳಕು, ಮೇಲೆ ಬೆಳಕಿನ ಮೇಲೆ ಕತ್ತಲೆ. ನಡುವೆ ಎಲ್ಲೋ ಒಂದು ಕಡೆ ಇದು ತಿರುಗುತ್ತದೆ. ಅಲ್ಲಿ ಒಬ್ಬನ ತೋಳು ಇನ್ನೊಬ್ಬನ ಬೆನ್ನಿನ ನೆರಳಿನಲ್ಲಿ ಕರಗಿಹೋಗುತ್ತದೆ, ಯಾರ ಮೈ ಎಲ್ಲಿ ಮುಗಿಯಿತು ಅಂತ ಹೇಳಲಾಗುವುದಿಲ್ಲ. 1816ರ ಜುಲೈನಲ್ಲಿ ಆಫ್ರಿಕಾದ ಪಶ್ಚಿಮ ಕರಾವಳಿಯ ಹತ್ತಿರ ಮೆಡೂಸಾ ಹಡಗು ಮರಳದಿಣ್ಣೆಗೆ ಸಿಕ್ಕಿತು. ತೆಪ್ಪ ಹತ್ತಿದ ಸುಮಾರು 147 ಜನರಲ್ಲಿ 13 ದಿನದ ಮೇಲೆ ಉಳಿದವರು 15. ಸಾವಿನಿಂದ ಆಸೆಯ ಕಡೆಗೆ ಹೋಗುವ ಆ ಕಥೆಯನ್ನು ಜೆರಿಕೋ ಈ ಬೆಳಕು ಕತ್ತಲೆಯ ತಿರುವಿನಿಂದಲೇ ಹೇಳಿದ್ದಾನೆ. ಎಲ್ಲರಿಗೂ ಒಂದೇ ಬೆಳಕು ಕೊಟ್ಟರೆ ಕಥೆಯೇ ಉಳಿಯುವುದಿಲ್ಲ, ಅಲ್ವಾ?

ಇದಕ್ಕೆ ಮದ್ದು ಬಣ್ಣದಲ್ಲಿಲ್ಲ. ಇದ್ದಿಲು ತಗೊಂಡು ಅಂಗೈಯಗಲದ ಕಾಗದದ ಮೇಲೆ ಇಡೀ ಚಿತ್ರವನ್ನು ಮೂರೇ ಛಾಯೆಯಲ್ಲಿ ಬರೆಯಿರಿ: ಕಪ್ಪು, ಬೂದು, ಬಿಳಿ. ಕಣ್ಣು ಮೂಗು ಬೇಡ. ಎಂಟು ಹತ್ತು ಸಲ ಬರೆಯಿರಿ. ಕೈಗೆ ಅದು ಬಂದ ಮೇಲೆ ಕ್ಯಾನ್ವಾಸಿನಲ್ಲಿ ಗುಂಪುಗಳನ್ನು ಸರಿಪಡಿಸಿ. ಬೆಳಕು ಬೇಕಾದ ಕಡೆ ಬಿಳಿ ಸುರಿಯಬೇಡಿ, ಮೈ ಸುಣ್ಣ ಬಳಿದ ಹಾಗಾಗುತ್ತದೆ. ಸುತ್ತಲಿನದನ್ನು ಒಂದು ಪಟ್ಟು ಕತ್ತಲೆ ಮಾಡಿ, ಬೆಳಕು ತಾನೇ ಏಳುತ್ತದೆ. ನೆರಳಿನಲ್ಲಿರುವ ಅಂಚುಗಳನ್ನು ಒಣ ಬ್ರಶ್ಶಿನಿಂದ ಪಕ್ಕದ ಬಣ್ಣಕ್ಕೆ ಎಳೆದುಬಿಡಿ. ಗಟ್ಟಿ ಅಂಚು ಇಡೀ ಚಿತ್ರದಲ್ಲಿ ಏಳೆಂಟು ಕಡೆ ಸಾಕು.

ಜೆರಿಕೋ ಬಿಳಿ ಕ್ಯಾನ್ವಾಸಿನ ಮೇಲೆ ಗೆರೆ ಹಾಕಿಕೊಂಡು ಒಬ್ಬೊಬ್ಬರನ್ನೇ ಬಣ್ಣದಲ್ಲಿ ಮುಗಿಸುತ್ತಿದ್ದ, ನಾವೂ ಹಾಗೇ ಮಾಡೋಣ ಅಂತ ಕೆಲವರು ಹೊರಡುತ್ತಾರೆ. ಆದರೆ ಅವನು ಅದಕ್ಕೂ ಮುಂಚೆ ರಾಶಿ ರಾಶಿ ಕರಡು ಬರೆದಿದ್ದ. ಬದುಕುಳಿದ ಬಡಗಿಯಿಂದ ತೆಪ್ಪದ ಪುಟ್ಟ ಮಾದರಿ ಮಾಡಿಸಿ, ಅದರ ಮೇಲೆ ಮೇಣದ ಗೊಂಬೆಗಳನ್ನು ಇಟ್ಟು ನೋಡಿದ್ದ. ಗೆಳೆಯರನ್ನೇ ಕೂರಿಸಿಕೊಂಡ, ಮುಂದೆ ದೊಡ್ಡ ಕಲಾವಿದನಾಗಿ ಹೆಸರಾದ ಡೆಲಕ್ರವಾ ಕೂಡ ಮುಖ ಕೆಳಗೆ ಮಾಡಿ ಬಿದ್ದವನಿಗೆ ಮಾದರಿಯಾದ. ಇಡೀ ಚಿತ್ರ ತಲೆಯಲ್ಲಿ ಕೂತಿದ್ದವನು ಒಬ್ಬೊಬ್ಬರನ್ನೇ ಮುಗಿಸಬಹುದು. ಕಲಿಯುವವರು ಇಡೀ ಚಿತ್ರವನ್ನು ಒಟ್ಟಿಗೇ ಮೇಲೆತ್ತಬೇಕು.

ಅಳತೆ ಕೂಡುತ್ತಿಲ್ಲ

ಅವಳ ಚಿತ್ರದಲ್ಲಿ ಎಲ್ಲರೂ ಸ್ವಲ್ಪ ಅಗಲಕ್ಕೆ ಎಳೆದ ಹಾಗಿದ್ದರು. ಲೂವ್ರ್ ಮ್ಯೂಸಿಯಮ್ಮಿನಲ್ಲಿರುವ ಮೂಲದ ಎತ್ತರ 491 ಸೆಂಟಿಮೀಟರ್, ಅಗಲ 716. ಅಂಗಡಿಯ ಕ್ಯಾನ್ವಾಸು 24×36 ಇಂಚು. ಲೆಕ್ಕ ಹಾಕಿ: 24 ಇಂಚು ಎತ್ತರಕ್ಕೆ ಅಗಲ 35 ಇಂಚು ಬರಬೇಕು. ಉಳಿದ ಒಂದು ಇಂಚಿಗೆ ಅವಳು ಚಿತ್ರವನ್ನೇ ಎಳೆದು ತುಂಬಿಸಿದ್ದಳು. ಎರಡೂ ಪಕ್ಕ ಅರ್ಧರ್ಧ ಇಂಚು ಬಿಟ್ಟುಬಿಡಿ, ಫ್ರೇಮಿನ ಒಳಗೆ ಹೋಗುತ್ತದೆ.

ಒಂದು ಸುಲಭ ಉಪಾಯ. ಎ3 ಹಾಳೆಯಲ್ಲಿ ಚಿತ್ರವನ್ನು ಸರಿಯಾಗಿ 35×24 ಸೆಂಟಿಮೀಟರ್ ಬರುವಂತೆ ಪ್ರಿಂಟ್ ಹಾಕಿಸಿ. ಅಗಲಕ್ಕೆ ಏಳು, ಎತ್ತರಕ್ಕೆ ಆರು ಪಾಲು ಮಾಡಿದರೆ 5×4ರ 42 ಮನೆಗಳು. ಪ್ರಿಂಟಿನಲ್ಲಿ ಸೆಂಟಿಮೀಟರ್, ಕ್ಯಾನ್ವಾಸಿನಲ್ಲಿ ಇಂಚು. ಬೇರೆ ಲೆಕ್ಕವೇ ಬೇಡ. ಬಣ್ಣಕ್ಕೆ ಮಾತ್ರ ಆ ಪ್ರಿಂಟನ್ನು ನಂಬಬೇಡಿ, ಪ್ರಿಂಟಿನಲ್ಲಿ ಕತ್ತಲೆಗಳೆಲ್ಲ ಒಂದೇ ಕಪ್ಪಾಗಿ ಕೂತುಬಿಡುತ್ತವೆ.

ಇನ್ನೊಂದು. ಮೂಲದಲ್ಲಿ ಆಳೆತ್ತರದ ಮೈ ನಮ್ಮ ಕ್ಯಾನ್ವಾಸಿಗೆ ಇಳಿದಾಗ ಒಂದು ಗೇಣು. ಮುಖ ಹೆಬ್ಬೆರಳ ತುದಿಗೆಣ್ಣಿನಷ್ಟು. ಅಷ್ಟರಲ್ಲಿ ರೆಪ್ಪೆ, ಹಲ್ಲು ಬರೆಯಲು ಹೋದರೆ ಮುಖ ಗೊಂಬೆಯದಾಗುತ್ತದೆ. ಕಣ್ಣಿನ ಗುಳಿಯ ನೆರಳು, ಮೂಗಿನ ಕೆಳಗಿನ ನೆರಳು, ಹಣೆಯ ಬೆಳಕು, ಇಷ್ಟನ್ನು ಸರಿಯಾದ ಜಾಗದಲ್ಲಿಟ್ಟರೆ ಸಾಕು.

ಸಣ್ಣಪುಟ್ಟವು

ಬಿಳಿ ಹಳದಿಗಟ್ಟಿದ್ದರೆ ಗಾಬರಿ ಬೇಡ. ಕತ್ತಲೆ ಕೋಣೆಯಲ್ಲಿ ಅಥವಾ ಗೋಡೆಗೆ ಮುಖ ಮಾಡಿ ಇಟ್ಟ ಅಗಸೆ ಎಣ್ಣೆಯ ಬಣ್ಣ ಹಳದಿಯಾಗುತ್ತದೆ. ನೇರ ಬಿಸಿಲು ತಾಗದ ಬೆಳಕಿನಲ್ಲಿ ಕೆಲವು ದಿನ ಇಟ್ಟರೆ ಬಹುಪಾಲು ಹೋಗುತ್ತದೆ. ಮಂಡಕ್ಕಿ ಭಟ್ಟಿಗಳ ಕಡೆ ಮನೆಯಿದ್ದವರಿಗೆ ಹಸಿ ಬಣ್ಣದ ಮೇಲೆ ಕರಿ ಮಸಿ ಕೂರುತ್ತದೆ. ಹಸಿಯಿದ್ದಾಗ ಒರೆಸಬೇಡಿ, ಪೂರ್ತಿ ಒಣಗಿದ ಮೇಲೆ ತುಸು ಒದ್ದೆ ಹತ್ತಿಯಿಂದ ತೆಗೆಯಿರಿ. ಎಣ್ಣೆ ಒರೆಸಿದ ಬಟ್ಟೆಗಳನ್ನು ಉಂಡೆ ಮಾಡಿ ಮೂಲೆಗೆ ಎಸೆಯಲೇಬೇಡಿ, ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಬಟ್ಟೆಗೆ ತಾನಾಗಿ ಬೆಂಕಿ ಹತ್ತಬಹುದು. ಹೊರಗೆ ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ನೆನೆಸಿಡಿ. ವಾರ್ನಿಶ್ ಹಚ್ಚುವ ಮುಂಚೆ ಆರು ತಿಂಗಳು ಕಾಯಿರಿ.

ಹುಡುಗಿಯ ಕ್ಯಾನ್ವಾಸಿನ ಎಡ ಮೂಲೆಯನ್ನು ಆವತ್ತೇ ಇಬ್ಬರೂ ಕೂತು ಕೆರೆದೆವು. ಕಪ್ಪು ಬಣ್ಣ ನೈಫಿಗೆ ಬೆಲ್ಲದ ಪಾಕದ ಹಾಗೆ ಎಳೆಎಳೆಯಾಗಿ ಬಂತು, ಕೆಳಗೆ ಗೆಸ್ಸೊದ ಬಿಳಿ ಕಂಡಿತು. ಸತ್ತ ಮಗನನ್ನು ತೊಡೆಯ ಮೇಲಿಟ್ಟುಕೊಂಡು ಕೂತ ಮುದುಕನನ್ನು ಮುಟ್ಟಲಿಲ್ಲ, ಅವನು ನಿಜಕ್ಕೂ ಚೆನ್ನಾಗಿ ಬಂದಿದ್ದ. ಸಂಜೆ ಬಸ್ಸಿಗೆ ಹೊರಡುವಾಗ ದುಪ್ಪಟಿ ಸುತ್ತುತ್ತ ಕೇಳಿದಳು, "ಅಣ್ಣಾ, ನಾಳೆನೇ ಬಣ್ಣ ಹಚ್ಚಬಹುದಾ?" ಇದ್ದಿಲಿನಲ್ಲಿ ಹತ್ತು ಕರಡು ಬರೆದು ಫೋಟೊ ಕಳಿಸು, ಆಮೇಲೆ ಹಚ್ಚು ಅಂದೆ. ಇಲ್ಲಿವರೆಗೆ ಏಳು ಬಂದಿವೆ. ಏಳನೆಯದರಲ್ಲಿ ಬಟ್ಟೆ ಬೀಸುವವನು ಆಕಾಶದ ಎದುರು ಕಪ್ಪಗೆ ನಿಂತಿದ್ದಾನೆ.